ಮುನ್ನೂರು ಕೋಟಿ ಸುರಿದ ಫೈಟಿಗೂ ಆಕಳಿಕೆ ಬರುವುದೇಕೆ?

ಪ್ರಶ್ನೆ: ಮೊನ್ನೆ ಮನೆಮಂದಿಯೆಲ್ಲ ಸೇರಿ ಒಂದು ಆಕ್ಷನ್ ಸಿನಿಮಾಕ್ಕೆ ಹೋಗಿದ್ದೆವು. ಮುನ್ನೂರು ಕೋಟಿ ಬಜೆಟ್ ಎಂದು ಪೋಸ್ಟರಿನಲ್ಲೇ ಹಾಕಿಕೊಂಡಿದ್ದರು. ಕ್ಲೈಮ್ಯಾಕ್ಸ್ ಫೈಟ್ ಅರ್ಧ ಗಂಟೆ. ಕಟ್ಟಡಗಳು ಉರುಳಿದವು, ಸಾವಿರಾರು ಜನ ಸತ್ತರು, ನನಗೆ ನಿದ್ದೆ ಎಳೆಯುತ್ತಿತ್ತು. ಅದೇ ಟೀವಿಯಲ್ಲಿ ‘ಶೋಲೆ’ ಬಂದರೆ ಇವತ್ತಿಗೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಇದು ವಯಸ್ಸಿನ ಪ್ರಭಾವವೋ, ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಅತಿಯಾದದ್ದರ ಫಲವೋ? ದೊಡ್ಡ ಬಜೆಟ್ಟಿನ ಒಳ್ಳೆಯ ಆಕ್ಷನ್ ಸಿನಿಮಾ ಎಂದರೆ ಏನು? ಸಿನಿಮಾ ಕಲಿಯಲು ಹೊರಟಿರುವ ನನ್ನ ಅಣ್ಣನ ಮಗನಿಗೆ ಏನು ನೋಡು ಎಂದು ಹೇಳಲಿ?
— ಓದುಗರು, ದಾವಣಗೆರೆ

ಉತ್ತರ: ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ. ಅಷ್ಟು ಹೊತ್ತಿಗೆ ಇಪ್ಪತ್ತರ ಹುಡುಗರೂ ಮೊಬೈಲ್ ತೆಗೆದಿರುತ್ತಾರೆ. ಸಿಜಿಯ ಮಾತು ಅರ್ಧ ನಿಜ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಎಡಿಟಿಂಗ್ ಕೋಣೆಯಲ್ಲಿ ಕೂತು ಫೈಟುಗಳನ್ನು ಕತ್ತರಿಸಿ ಜೋಡಿಸುವವನು. ಹಾಗಾಗಿ ನನ್ನ ಉತ್ತರವೂ ಆ ಕುರ್ಚಿಯದ್ದೇ. ಫೈಟ್ ನಡೆಯುವಾಗ ನೋಡುವವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿರಬೇಕು. ಎದುರಿಗೆ ಎಷ್ಟು ಜನ ಇದ್ದಾರೆ, ಕೈಯಲ್ಲಿ ಎಷ್ಟು ಗುಂಡು ಉಳಿದಿದೆ, ಬಾಗಿಲು ಎಷ್ಟು ದೂರ, ಈಗ ಸೋತರೆ ಹೋಗುವುದು ಏನು. ಈ ಲೆಕ್ಕವನ್ನು ಕೂಡಿ ಕಳೆಯಲು ಆಗುತ್ತಿರುವಷ್ಟು ಹೊತ್ತು ಯಾರಿಗೂ ಆಕಳಿಕೆ ಬರುವುದಿಲ್ಲ. ದೊಡ್ಡ ಬಜೆಟ್ ಮಾಡುವ ಮೊದಲ ಅನಾಹುತ ಅಂದರೆ ಎಣಿಕೆಗೆ ಸಿಗದ್ದನ್ನೆಲ್ಲ ಕೊಂಡು ತರುವುದು. ನಲವತ್ತು ಜನ ವೈರಿಗಳು ಇರಬೇಕಾದ ಕಡೆ ನಲವತ್ತು ಸಾವಿರ ಜನ ಬಂದು ನಿಲ್ಲುತ್ತಾರೆ. ನಲವತ್ತರಲ್ಲಿ ಒಬ್ಬ ಬಿದ್ದರೆ ಮೂವತ್ತೊಂಬತ್ತು ಉಳಿದರು ಎಂದು ಗೊತ್ತಾಗುತ್ತದೆ. ನಲವತ್ತು ಸಾವಿರದಲ್ಲಿ ಐನೂರು ಜನ ಬಿದ್ದರೂ ಪರದೆಯ ಮೇಲೆ ಏನೂ ಬದಲಾದಂತೆ ಕಾಣುವುದಿಲ್ಲ.

ನಲವತ್ತು ಎಂದದ್ದಕ್ಕೆ ಕಾರಣವಿದೆ. ಅಕಿರ ಕುರೋಸವಾ 1954ರಲ್ಲಿ ಮಾಡಿದ ‘ಸೆವೆನ್ ಸಮುರಾಯ್’ನಲ್ಲಿ ಹಳ್ಳಿಯ ಮೇಲೆ ಬೀಳಲಿರುವ ದರೋಡೆಕೋರರು ನಲವತ್ತು ಮಂದಿ. ಕಪ್ಪು ಬಿಳುಪಿನ ಹಳೇ ಜಪಾನೀ ಸಿನಿಮಾ ಎಂದು ತಳ್ಳಿಹಾಕಬೇಡಿ. ಅದು ಆ ಕಾಲಕ್ಕೆ ಜಪಾನಿನ ಅತಿ ದುಬಾರಿ ಸಿನಿಮಾಗಳಲ್ಲೊಂದು. ಖರ್ಚು ಕೈಮೀರಿ ತೋಹೊ ಸ್ಟುಡಿಯೋ ನಡುವೆ ಚಿತ್ರೀಕರಣವನ್ನೇ ನಿಲ್ಲಿಸಿತ್ತು. 207 ನಿಮಿಷದ ಆ ಸಿನಿಮಾದಲ್ಲಿ ದೊಡ್ಡ ಕಾಳಗ ಶುರುವಾಗುವ ಮೊದಲು ಹಳ್ಳಿಯ ಕಾವಲಿಗೆ ನಿಂತ ಏಳು ಮಂದಿ ಸಮುರಾಯ್ ಯೋಧರ ನಾಯಕ ಕಂಬೇ ಊರಿನ ನಕ್ಷೆ ಹಿಡಿದು ಸುತ್ತುತ್ತಾನೆ. ಇಲ್ಲಿ ಬೇಲಿ, ಇಲ್ಲಿ ಗದ್ದೆಗೆ ನೀರು, ಇಲ್ಲಿ ಸೇತುವೆ ಕೀಳಬೇಕು, ಈ ಒಂದು ದಾರಿ ಮಾತ್ರ ತೆರೆದಿರಲಿ. ಪ್ರೇಕ್ಷಕರೂ ಅವನ ಹಿಂದೆಯೇ ಊರೆಲ್ಲ ತಿರುಗುತ್ತಾರೆ. ಬೇಸರವಾಗದೆ ಇಷ್ಟು ಹೊತ್ತು ಭೂಗೋಳದ ಪಾಠ ಮಾಡಿದ ನಿರ್ದೇಶಕ ಇನ್ನೊಬ್ಬನಿಲ್ಲ. ಆಮೇಲೆ ಕಂಬೇ ಒಂದು ಕಾಗದದ ಮೇಲೆ ಸೊನ್ನೆಗಳನ್ನು ಬರೆದಿಟ್ಟುಕೊಂಡು, ವೈರಿಗಳು ಸತ್ತಂತೆಲ್ಲ ಹೊಡೆದುಹಾಕುತ್ತಾ ಹೋಗುತ್ತಾನೆ. ವೈರಿಗಳ ಬಳಿ ಮೂರು ಬಂದೂಕುಗಳಿವೆ. ಒಂದನ್ನು ಒಬ್ಬ ಸಮುರಾಯ್ ಕದ್ದು ತರುತ್ತಾನೆ, ಇನ್ನೊಂದೂ ಕೈಗೆ ಸಿಗುತ್ತದೆ, ಮೂರನೆಯದು ಉಳಿಯುತ್ತದೆ. ಏಳು ಮಂದಿಯಲ್ಲಿ ಸಾಯುವ ನಾಲ್ವರೂ ಸಾಯುವುದು ಗುಂಡಿನಿಂದಲೇ, ಕತ್ತಿಯಿಂದ ಒಬ್ಬನೂ ಅಲ್ಲ. ಆ ಉಳಿದ ಒಂದು ಬಂದೂಕು ಎಲ್ಲಿದೆ ಎಂಬ ಚಿಂತೆ ಕೊನೆಯ ಮಳೆಗಾಳಗದ ಉದ್ದಕ್ಕೂ ನಮ್ಮನ್ನು ಬಿಡುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಕಾಳಗಕ್ಕೆ ಮುಂಚೆ ಆ ಏಳು ಮಂದಿಯಲ್ಲೊಬ್ಬನಾದ ಕಿಕುಚಿಯೊ ಬರಿಗತ್ತಿಗಳನ್ನು ಸಾಲಾಗಿ ನೆಲಕ್ಕೆ ನೆಟ್ಟುಕೊಳ್ಳುತ್ತಾನೆ. ಒಂದೇ ಕತ್ತಿಯಲ್ಲಿ ಐದು ಜನರನ್ನು ಕಡಿಯಲಾಗದು ಎನ್ನುವುದು ಅವನ ವಿವರಣೆ. ಕತ್ತಿಯೂ ಮೊಂಡಾಗುತ್ತದೆ ಎಂದು ಒಪ್ಪಿಕೊಂಡ ಕ್ಷಣದಿಂದ ಪ್ರತಿ ಹೊಡೆತಕ್ಕೂ ಬೆಲೆ ಬಂತು. ನೀವು ನೋಡಿದ ಸಿನಿಮಾದ ಹೀರೋ ಕೈಯಲ್ಲಿದ್ದ ಆಯುಧ ಮೊಂಡಾಯಿತೇ? ಇಲ್ಲವಲ್ಲ.

ನಮ್ಮ ಹಿಂದಿನವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸುಧನ್ವನ ಕಾಳಗ ನೆನಪಿಸಿಕೊಳ್ಳಿ. ಮೂರೇ ಬಾಣಗಳಲ್ಲಿ ನಿನ್ನ ತಲೆ ತೆಗೆಯುತ್ತೇನೆ ಎಂದು ಅರ್ಜುನನ ಶಪಥ, ಮೂರನ್ನೂ ಕಡಿದು ಕೆಡಹುತ್ತೇನೆ ಎಂದು ಸುಧನ್ವನ ಶಪಥ. ಒಂದು ಹೋಯಿತು, ಎರಡು ಹೋಯಿತು, ಮೂರನೆಯದೂ ತುಂಡಾಯಿತು. ಆದರೆ ತುಂಡಾದ ಬಾಣದ ಮುಂದಿನ ಅರ್ಧವೇ ಹಾರಿ ಬಂದು ತಲೆ ತೆಗೆಯಿತು. ಇಬ್ಬರ ಮಾತೂ ಉಳಿಯಿತು. ಯಕ್ಷಗಾನದಲ್ಲಿ ಈ ಪ್ರಸಂಗ ಆಡುವಾಗ ರಂಗದ ಮೇಲೆ ಇರುವುದು ಎರಡು ಬಿಲ್ಲು, ಒಂದು ಚೆಂಡೆ. ಆದರೂ ಬೆಳಗಿನ ಜಾವದಲ್ಲಿ ಯಾರೂ ಏಳುವುದಿಲ್ಲ. ಮೂರು ಎಂಬ ಸಂಖ್ಯೆ ಎಲ್ಲರ ತಲೆಯಲ್ಲೂ ಇದೆಯಲ್ಲ!

ಹಾಲಿವುಡ್ಡಿನವರು ಇದೇ ಲೆಕ್ಕವನ್ನು ಮೈಮೇಲೆ ಬರೆದರು. 1988ರ ‘ಡೈ ಹಾರ್ಡ್’ನಲ್ಲಿ ಪೊಲೀಸ್ ಜಾನ್ ಮೆಕ್ಲೇನ್ ದರೋಡೆಕೋರರ ಹೆಸರು ಗೊತ್ತಾದಂತೆ ತನ್ನ ತೋಳಿನ ಮೇಲೆಯೇ ಮಾರ್ಕರಿನಲ್ಲಿ ಗೀಚಿಕೊಳ್ಳುತ್ತಾನೆ. ಇಡೀ ಕತೆ ಒಂದೇ ಕಟ್ಟಡದಲ್ಲಿ ನಡೆಯುತ್ತದೆ. ಲಾಸ್ ಏಂಜಲಿಸ್‌ನ ಫಾಕ್ಸ್ ಪ್ಲಾಜಾ ಅದು, ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ. ಲಿಫ್ಟಿನ ಬಾವಿ ಎಲ್ಲಿ, ಗಾಳಿಕೊಳವೆ ಎಲ್ಲಿ, ಒತ್ತೆಯಾಳುಗಳು ಯಾವ ಮಹಡಿಯಲ್ಲಿ ಎಂದು ಅರ್ಧ ಗಂಟೆಯಲ್ಲಿ ನಮಗೂ ರೂಢಿಯಾಗುತ್ತದೆ. ಅದಕ್ಕಿಂತ ಜಾಣತನದ್ದು ಕಾಲಿನ ವಿಷಯ. ವಿಮಾನದ ಸಹಪ್ರಯಾಣಿಕನೊಬ್ಬ, ಬೂಟು ಬಿಚ್ಚಿ ಕಾರ್ಪೆಟ್ ಮೇಲೆ ಓಡಾಡಿದರೆ ಆಯಾಸ ಹೋಗುತ್ತದೆ ಎಂದು ಹೇಳಿಕೊಟ್ಟ ಕಾರಣಕ್ಕೆ ಮೆಕ್ಲೇನ್ ಬರಿಗಾಲಲ್ಲಿ ಇರುವಾಗಲೇ ದಾಳಿಯಾಗುತ್ತದೆ. ಅದನ್ನು ನೋಡಿಕೊಂಡ ಖಳನಾಯಕ ಗಾಜಿಗೆ ಗುಂಡು ಹೊಡೆಯಿರಿ ಎನ್ನುತ್ತಾನೆ. ಅಲ್ಲಿಂದ ಮುಂದೆ ಆ ಪಾದಗಳಿಂದ ರಕ್ತ ಸೋರುತ್ತಲೇ ಇರುತ್ತದೆ. ಮುಂದಿನ ಸೀನಿನಲ್ಲಿ ಮಾಯವಾಗುವುದಿಲ್ಲ. ಆಕ್ಷನ್ ಸಿನಿಮಾದ ಗಾಯ ಸಾಲದ ಹಾಗೆ, ಬಡ್ಡಿ ಬೆಳೆಯುತ್ತಾ ಹೋಗಬೇಕು. ನಮ್ಮಲ್ಲಿ ಹೀರೋಗೆ ಹುಬ್ಬಿನ ಮೇಲೆ ಒಂದು ಗೆರೆ ರಕ್ತ ಬಂದರೆ ಮುಂದಿನ ಹಾಡಿನ ಹೊತ್ತಿಗೆ ಮೇಕಪ್ಪಿನವರು ಒರೆಸಿಬಿಟ್ಟಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ, ದುಡ್ಡು ಕಡಿಮೆ ಇದ್ದರೇ ಒಳ್ಳೆಯದೆಂದು ನಾನು ವಾದಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ದುಡ್ಡು ಬೇಕು. ಆದರೆ ಅದರಿಂದ ಮೊದಲು ಕೊಳ್ಳಬೇಕಾದದ್ದು ಕಾಲಾವಕಾಶ.

ಇದಕ್ಕೆ ನಿಮ್ಮ ‘ಶೋಲೆ’ಯೇ ಸಾಕ್ಷಿ. 1973ರ ಅಕ್ಟೋಬರಿನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಶುರುವಾಯಿತು, ಸಿನಿಮಾ ತೆರೆಗೆ ಬಂದದ್ದು 1975ರ ಆಗಸ್ಟ್ 15ಕ್ಕೆ. ಬಜೆಟ್ ಸುಮಾರು ಮೂರು ಕೋಟಿ, ಆ ಕಾಲಕ್ಕೆ ವಿಪರೀತ ಮೊತ್ತ. ಆ ದುಡ್ಡು ಎಲ್ಲಿ ಹೋಯಿತು? ಮುಂಬಯಿ–ಪುಣೆ ರೈಲುಮಾರ್ಗದಲ್ಲಿ ಪನ್ವೇಲ್ ಬಳಿ ಚಿತ್ರಿಸಿದ ರೈಲಿನ ಕಾದಾಟಕ್ಕೆ ಏಳು ವಾರ. ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲುವ ಸೀನಿಗೆ 23 ದಿನ. ಕೆಲವೇ ನಿಮಿಷದ ಆ ಸೀನನ್ನು ಬಿಸಿಲಿನಲ್ಲಿ ಶುರುಮಾಡಿದ್ದರು. ನಡುವೆ ಮೋಡ ಕವಿದಾಗ ಆ ಮಂಕು ಬೆಳಕೇ ಸಾವಿಗೆ ಸರಿ ಎನಿಸಿ, ನಿರ್ದೇಶಕ ರಮೇಶ್ ಸಿಪ್ಪಿ ಮತ್ತು ಛಾಯಾಗ್ರಾಹಕ ದ್ವಾರಕಾ ದಿವೇಚಾ ಮೋಡಕ್ಕಾಗಿ ಕಾದು ಕೂತರು. ಇಡೀ ಯೂನಿಟ್ಟಿಗೆ ದಿನಗೂಲಿ, ಊಟ, ವಸತಿ ಕೊಟ್ಟುಕೊಂಡು ಆಕಾಶ ನೋಡುವುದು ಸಣ್ಣ ಖರ್ಚಲ್ಲ. ಇವತ್ತಿನ ನಿರ್ಮಾಪಕರಾದರೆ ‘ಕಲರಿಂಗ್‌ನಲ್ಲಿ ನೋಡಿಕೊಳ್ಳೋಣ, ಮುಗಿಸಿ ಸಾರ್’ ಎನ್ನುತ್ತಿದ್ದರು.

ಆ ಸೀನನ್ನು ಇನ್ನೊಮ್ಮೆ ನೋಡಿ. ಗುಂಡು ತಗುಲಿದವರು ಬೀಳುವಾಗ ಚಿತ್ರ ಒಮ್ಮೆ ಸ್ತಬ್ಧವಾಗುತ್ತದೆ. ಸಂಗೀತದ ಅಬ್ಬರವಿಲ್ಲ, ಉಯ್ಯಾಲೆ ಕಿರುಗುಟ್ಟುವ ಸದ್ದು ಉಳಿಯುತ್ತದೆ. ಮಗುವಿನ ಸಾವನ್ನು ತೋರಿಸುವುದೇ ಇಲ್ಲ, ಅಲ್ಲಿಂದ ನೇರವಾಗಿ ಠಾಕೂರ್ ಊರಿಗೆ ಬಂದಿಳಿಯುವ ರೈಲಿಗೆ ಕಟ್. ಮೂರುಕಾಲು ಗಂಟೆಯ ಸಿನಿಮಾದ ಕೊನೆಯ ಹೊಡೆದಾಟಕ್ಕೆ ಬೇಕಾದ ಸಿಟ್ಟನ್ನೆಲ್ಲ ಈ ಒಂದು ಕಟ್ ಕೂಡಿಟ್ಟಿದೆ. ಸೇತುವೆಯ ಬಳಿ ಜೈ ಒಬ್ಬನೇ ಉಳಿದಾಗಲೂ ಗುಂಡಿನ ಲೆಕ್ಕ ನಮಗೆ ಗೊತ್ತು. ಕೊನೆಯದನ್ನು ಅವನು ಯಾವ ವೈರಿಗೂ ಹೊಡೆಯದೆ ಸೇತುವೆಯ ಮೇಲಿನ ಡೈನಮೈಟಿಗೆ ಹೊಡೆಯುತ್ತಾನೆ. ಆ ವರ್ಷ ‘ಶೋಲೆ’ಗೆ ಬಂದ ಒಂದೇ ಒಂದು ಫಿಲ್ಮ್‌ಫೇರ್ ಪ್ರಶಸ್ತಿ ಯಾರಿಗೆ ಗೊತ್ತೇ? ಸಂಕಲನಕಾರ ಎಂ.ಎಸ್. ಶಿಂಧೆಯವರಿಗೆ. ನಮ್ಮ ಕುರ್ಚಿಯವರಿಗೆ ಸಿಕ್ಕಿದ್ದನ್ನು ಹೇಳಿಕೊಳ್ಳುವ ಅವಕಾಶ ನಾನು ಬಿಡುವುದಿಲ್ಲ.

ಒಂದೇ ಶಾಟಿಗೆ ರಾಶಿ ದುಡ್ಡು ಹಾಕುವುದೂ ತಪ್ಪಲ್ಲ, ಅದರ ಹಿಂದೆ ಮುಂದೆ ಏನಿದೆ ಎಂಬುದನ್ನು ನೋಡಬೇಕು. 1926ರ ಮೂಕಿ ಚಿತ್ರ ‘ದಿ ಜನರಲ್’ನಲ್ಲಿ ಬಸ್ಟರ್ ಕೀಟನ್ ನಿಜವಾದ ರೈಲು ಎಂಜಿನನ್ನು ಉರಿಯುವ ಸೇತುವೆಯಿಂದ ಒರೆಗಾನ್‌ನ ಹೊಳೆಗೆ ಬೀಳಿಸಿದ. ಮೂಕಿ ಕಾಲದ ಅತಿ ದುಬಾರಿ ಶಾಟ್ ಎಂದು ಅದಕ್ಕೆ ಹೆಸರು. ಬೀಳುವುದಕ್ಕೆ ಮುಂಚೆ ಸೇನಾಧಿಕಾರಿಯೊಬ್ಬ, ಸೇತುವೆ ಅಷ್ಟೇನೂ ಸುಟ್ಟಿಲ್ಲ, ನಡೆಯಿರಿ ಎಂದು ಅಪ್ಪಣೆ ಕೊಡುತ್ತಾನೆ. ಬಿದ್ದ ಮೇಲೆ ಅವನ ಮುಖ ತೋರಿಸುತ್ತಾರೆ. ಆ ಮುಖಕ್ಕೆ ಖರ್ಚೇ ಇಲ್ಲ, ಆದರೆ ನಗು ಬರುವುದು ಅಲ್ಲೇ. ಬೀಳಿಸುವುದನ್ನು ಮಾತ್ರ ಕಲಿತು, ಮುಖ ತೋರಿಸುವುದನ್ನು ಮರೆತ ಸಿನಿಮಾಗಳೇ ಈಗ ಹೆಚ್ಚು.

ಇನ್ನು ಸಿಜಿ. ಇದರ ಬಗ್ಗೆ ಒಂದು ಸುಳ್ಳು ಭಕ್ತಿ ಬೆಳೆದಿದೆ: ಎಲ್ಲ ನಿಜವಾಗಿ ಮಾಡಿದರೆ ಶ್ರೇಷ್ಠ, ಕಂಪ್ಯೂಟರ್ ಮುಟ್ಟಿದರೆ ಮೈಲಿಗೆ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಅನ್ನು ಈ ಭಕ್ತರು ಸದಾ ಎತ್ತಿ ಹಿಡಿಯುತ್ತಾರೆ. ನಮೀಬಿಯಾದ ಮರುಭೂಮಿಯಲ್ಲಿ ನಿಜವಾದ ಗಾಡಿಗಳು, ಓಡುವ ಗಾಡಿಯ ಮೇಲೆ ಉದ್ದನೆಯ ಕಂಬ ಹತ್ತಿ ತೂಗುವ ನಿಜವಾದ ಮನುಷ್ಯರು, ಎಲ್ಲ ಸರಿ. ಆದರೆ ಆ ಸಿನಿಮಾದಲ್ಲಿ ವಿಷುವಲ್ ಎಫೆಕ್ಟ್ಸ್ ಇರುವ ಶಾಟ್‌ಗಳು ಸುಮಾರು ಎರಡು ಸಾವಿರ! ನಾಯಕಿ ಫ್ಯೂರಿಯೋಸಾಳ ಇಲ್ಲದ ಕೈ ಸಿಜಿ, ಧೂಳಿನ ಬಿರುಗಾಳಿ ಬಹುಪಾಲು ಸಿಜಿ. ನಿಮಗೆ ಅದು ಕಣ್ಣಿಗೆ ಚುಚ್ಚಲಿಲ್ಲ, ಏಕೆಂದರೆ ಗಾಡಿಗೆ ತೂಕವಿತ್ತು, ಬಿದ್ದವನಿಗೆ ಪೆಟ್ಟಾಗುತ್ತಿತ್ತು.

ನೂರು ಅಡಿಯಿಂದ ಬಿದ್ದ ಹೀರೋ ಧೂಳು ಕೊಡವಿಕೊಂಡು ಎದ್ದ ಕೂಡಲೇ ಲೆಕ್ಕ ಮುರಿದು ಬೀಳುತ್ತದೆ. ಅದನ್ನು ಸಿಜಿ ಮಾಡಿದರೂ ಅಷ್ಟೇ, ರೋಪ್ ಕಟ್ಟಿ ಎಳೆದರೂ ಅಷ್ಟೇ. ಸಿಜಿ ಹದಗೆಡಲು ಬೇರೆಯದೇ ಕಾರಣವೂ ಇದೆ. ಕತೆ ಪೂರ್ತಿಯಾಗುವ ಮುನ್ನ ಬಿಡುಗಡೆ ದಿನಾಂಕ ಘೋಷಣೆಯಾಗುತ್ತದೆ. ಎಫೆಕ್ಟ್ಸ್ ಮಾಡುವ ಹುಡುಗರಿಗೆ ಶಾಟ್ ಕೈಗೆ ಸಿಗುವುದು ತಡವಾಗಿ, ಸಿಕ್ಕ ಮೇಲೂ ಬದಲಾವಣೆ ನಿಲ್ಲುವುದಿಲ್ಲ. ಕೊನೆಗೆ ತಪ್ಪು ಮುಚ್ಚಲು ರಾತ್ರಿ, ಮಳೆ, ಹೊಗೆ ತುಂಬುತ್ತಾರೆ. ಇತ್ತೀಚಿನ ಎಷ್ಟೋ ಕ್ಲೈಮ್ಯಾಕ್ಸುಗಳು ಕತ್ತಲಲ್ಲೇ ನಡೆಯುವುದರ ಗುಟ್ಟು ಇದು.

‘ಫ್ಯೂರಿ ರೋಡ್’ ಬಗ್ಗೆ ನನ್ನ ಕಸುಬಿನ ಮಾತೊಂದಿದೆ. ನಿರ್ದೇಶಕ ಜಾರ್ಜ್ ಮಿಲ್ಲರ್ ಅದನ್ನು ಮೊದಲು ಸುಮಾರು 3,500 ಸ್ಟೋರಿಬೋರ್ಡ್ ಚಿತ್ರಗಳಾಗಿ ಬರೆಸಿದರು. ಕ್ಯಾಮೆರಾದಿಂದ ಬಂದದ್ದು ಸುಮಾರು 480 ಗಂಟೆಯ ಸಾಮಗ್ರಿ. ಅದನ್ನು ಎರಡು ಗಂಟೆಗೆ ಇಳಿಸಿದವರು ಮಾರ್ಗರೆಟ್ ಸಿಕ್ಸೆಲ್. ಅದಕ್ಕೆ ಮುಂಚೆ ಅವರು ಆಕ್ಷನ್ ಸಿನಿಮಾ ಮುಟ್ಟಿದವರೇ ಅಲ್ಲ. ಸುಮಾರು 2,700 ಕಟ್‌ಗಳು, ಅಂದರೆ ಸರಾಸರಿ ಮೂರು ಸೆಕೆಂಡಿಗೂ ಒಳಗೆ ಒಂದು. ಅಷ್ಟು ವೇಗದಲ್ಲೂ ಕಣ್ಣಿಗೆ ಗೊಂದಲವಾಗದಿರಲು ಕಾರಣ, ಛಾಯಾಗ್ರಾಹಕ ಜಾನ್ ಸೀಲ್ ಮುಖ್ಯವಾದದ್ದನ್ನು ಸದಾ ಚೌಕಟ್ಟಿನ ನಟ್ಟನಡುವೆ ಇಟ್ಟರು. ಕಟ್ ಆದಾಗ ಕಣ್ಣು ಹುಡುಕಾಡುವ ಪ್ರಮೇಯವೇ ಇಲ್ಲ. ನೀವು ನೋಡಿದ ಸಿನಿಮಾದಲ್ಲಿ ಹೀಗಿತ್ತೇ ನೆನಪಿಸಿಕೊಳ್ಳಿ: ಒಂದು ಶಾಟಿನಲ್ಲಿ ಮುಷ್ಟಿ ಎಡಮೂಲೆಯಲ್ಲಿ, ಮುಂದಿನದರಲ್ಲಿ ಮುಖ ಬಲಮೂಲೆಯಲ್ಲಿ, ಯಾರು ಯಾರಿಗೆ ಹೊಡೆದರು ಎಂದು ತಿಳಿಯುವಷ್ಟರಲ್ಲಿ ಮೂರನೆಯ ಶಾಟ್. ಹೀಗೆ ಅರ್ಧ ಗಂಟೆ ಹುಡುಕಾಡಿದ ಕಣ್ಣು ದಣಿದು ಕೈಚೆಲ್ಲುತ್ತದೆ. ನಿಮ್ಮ ನಿದ್ದೆಗೆ ಬಹುಶಃ ಇದೇ ಕಾರಣ. ಸಿಕ್ಸೆಲ್ ಅವರಿಗೆ ಆಸ್ಕರ್ ಬಂತು. ಆ ಸಿನಿಮಾದ ಕತೆಯೋ, ಒಂದು ದಾರಿ ಹಿಡಿದು ಹೋಗಿ, ಅದೇ ದಾರಿಯಲ್ಲಿ ವಾಪಸ್ಸು ಬರುವುದು, ಅಷ್ಟೇ. ಹೋಗುವಾಗ ದಾಟಿದ ಕಣಿವೆ ಬರುವಾಗಲೂ ಎದುರಾಗುತ್ತದೆಂದು ನಮಗೆ ಗೊತ್ತಿರುವುದರಿಂದ, ಮಿಲ್ಲರ್ ಎರಡನೇ ಸಲ ಏನನ್ನೂ ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನ್ನ ಸ್ನೇಹಿತರೇ ಎತ್ತುತ್ತಾರೆ. ನಮ್ಮ ಮಾಸ್ ಸಿನಿಮಾದ ಹೀರೋ ಸೋಲುವುದಿಲ್ಲ ಎಂದು ಟಿಕೆಟ್ ಕೊಳ್ಳುವಾಗಲೇ ಗೊತ್ತಿರುತ್ತದೆ. ಅಲ್ಲಿ ಎಂಥ ಲೆಕ್ಕ? ಸರಿಯಾದ ಪ್ರಶ್ನೆ. ಅಲ್ಲಿ ಲೆಕ್ಕ ಬೇರೆ ಕಡೆ ಹೋಗಬೇಕು. ಪ್ರಶಾಂತ್ ನೀಲ್ ಅವರ 2018ರ ‘ಕೆಜಿಎಫ್’ ಮೊದಲ ಭಾಗದಲ್ಲಿ ಅದು ಹೋಗಿದೆ. ಕೋಲಾರದ ಗಣಿಯ ಸೈನೈಡ್ ಗುಡ್ಡೆಗಳ ಮೇಲೆ ಚಿತ್ರಿಸಿದ ನರಾಚಿ ಎಂಬ ಗಣಿಯಲ್ಲಿ ಹೀರೋ ರಾಕಿ ಬಹಳ ಹೊತ್ತು ತಲೆ ತಗ್ಗಿಸಿಕೊಂಡು, ಕಣ್ಣೆದುರಿನ ಕ್ರೌರ್ಯಕ್ಕೆ ಕೈ ಎತ್ತದೆ ಇರುತ್ತಾನೆ. ಇನ್ನೆಷ್ಟು ತಡೆದುಕೊಳ್ಳುತ್ತಾನೆ ಎಂಬುದೇ ನಮ್ಮ ಎಣಿಕೆ. ಕಣ್ಣು ಕಾಣದ ಮುದುಕನನ್ನು ಕಾವಲುಗಾರರು ಕೊಲ್ಲಲು ಹೊರಟಾಗ ಆ ತಡೆ ಒಡೆಯುತ್ತದೆ. ಆ ಫೈಟಿನ ನಂತರ ಅಲ್ಲಿನ ಜೀತದಾಳುಗಳು ಅವನನ್ನು ನೋಡುವ ನೋಟವೇ ಬೇರೆ. ಒಂದು ಫೈಟಿನಿಂದ ಏನೋ ಬದಲಾಗಬೇಕು ಎನ್ನುವುದು ಇದಕ್ಕೇ. ಸಾಹಸ ನಿರ್ದೇಶನಕ್ಕೂ ಸ್ಪೆಷಲ್ ಎಫೆಕ್ಟ್ಸಿಗೂ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

2022ರ ಎರಡನೇ ಭಾಗ ಇನ್ನೂ ದೊಡ್ಡದು, ಗಳಿಕೆಯಲ್ಲೂ ದೊಡ್ಡದು. ನನ್ನ ಅಭಿಪ್ರಾಯ ಕೇಳಿದರೆ, ಬಿಗಿ ಮೊದಲನೆಯದರಲ್ಲೇ ಹೆಚ್ಚು. ಎರಡನೆಯದರಲ್ಲಿ ತಡೆ ಎಂಬುದಿಲ್ಲ, ಬಿಲ್ಡಪ್ ಮೇಲೆ ಬಿಲ್ಡಪ್. ಆದರೂ ‘ದೊಡ್ಡಮ್ಮ’ ಎಂಬ ಹೆಸರಿನ ಬಂದೂಕಿನಿಂದ ಪೊಲೀಸ್ ಠಾಣೆಯನ್ನು ಜರಡಿ ಮಾಡಿ, ಕೆಂಪಗೆ ಕಾದ ಅದರ ನಳಿಗೆಯಲ್ಲಿ ಸಿಗರೇಟು ಹಚ್ಚಿಕೊಳ್ಳುವ ಶಾಟ್ ಬಂದಾಗ ನಾನೂ ಶಿಳ್ಳೆ ಹಾಕುವವರ ಪೈಕಿ. ಬಂದೂಕು ಕಾಯುತ್ತದೆ ಎಂಬ ಸತ್ಯವನ್ನು ಅವರು ನೆನಪಿಟ್ಟುಕೊಂಡಿದ್ದರು.

ದುಡ್ಡಿನ ವಿಷಯದಲ್ಲಿ ಒಂದು ಮಾತು ಉಳಿದಿದೆ. ಇದು ಪರದೆಯ ಮೇಲೆ ಕಾಣುವುದಿಲ್ಲ. 2016ರ ನವೆಂಬರಿನಲ್ಲಿ ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಕ್ಲೈಮ್ಯಾಕ್ಸಿಗಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಅವರಿಗೆ ಲೈಫ್ ಜಾಕೆಟ್ ಹಾಕಿರಲಿಲ್ಲ. ಹೆಲಿಕಾಪ್ಟರ್ ಬಾಡಿಗೆಯ ಮುಂದೆ ಒಂದು ಜಾಕೆಟ್ಟಿನ ಬೆಲೆ ಎಷ್ಟು? ದೊಡ್ಡ ಬಜೆಟ್ ಎಂದರೆ ಮೊದಲು ರಿಹರ್ಸಲ್, ಹಾಸಿಗೆ, ಹಗ್ಗ, ಆಂಬುಲೆನ್ಸ್, ಈಜುಗಾರರು, ಆಮೇಲೆ ಹೆಲಿಕಾಪ್ಟರ್. ಡೂಪ್ ಮಾಡುವವರಿಗೆ ಹೆಸರು ಸಿಗುವುದೂ ತಡ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಸಾಹಸ ನಿರ್ದೇಶನ ಸೇರಿದ್ದು 2016ನೇ ಸಾಲಿನ ಚಿತ್ರಗಳಿಂದ. ಆಸ್ಕರ್‌ನವರಂತೂ 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಕೊಡುತ್ತೇವೆ ಎಂದು 2025ರಲ್ಲಿ ಹೇಳಿದ್ದಾರೆ.

ಈಗ ನಿಮ್ಮ ಅಣ್ಣನ ಮಗನ ವಿಷಯ. ಅವನಿಗೆ ಪಟ್ಟಿ ಕೊಡಬೇಡಿ, ಮೂರು ಕೆಲಸ ಕೊಡಿ. ‘ಸೆವೆನ್ ಸಮುರಾಯ್’ನ ಎರಡನೇ ಅರ್ಧ ನೋಡುತ್ತಾ ಆ ಹಳ್ಳಿಯ ನಕ್ಷೆ ಬರೆಯಲಿ, ಯಾರು ಎಲ್ಲಿ ಸತ್ತರೆಂದು ಗುರುತು ಹಾಕಲಿ. ‘ಶೋಲೆ’ಯ ರೈಲಿನ ಕಾದಾಟವನ್ನು ಸದ್ದು ಪೂರ್ತಿ ಮುಚ್ಚಿ ನೋಡಲಿ, ಯಾರು ಯಾವ ಬೋಗಿಯ ಮೇಲಿದ್ದಾರೆ, ಕುದುರೆಗಳು ಯಾವ ಪಕ್ಕದಿಂದ ಬರುತ್ತಿವೆ ಎಂದು ಸದ್ದಿಲ್ಲದೆಯೂ ತಿಳಿಯುತ್ತದೋ ಪರೀಕ್ಷಿಸಲಿ. ಕೊನೆಗೆ ನೀವು ನಿದ್ದೆ ಹೋದ ಆ ಕ್ಲೈಮ್ಯಾಕ್ಸಿಗೂ ಇದೇ ಪರೀಕ್ಷೆ ಮಾಡಿ, ನಕ್ಷೆ ಬರೆಯಲು ಎಷ್ಟನೇ ನಿಮಿಷದಲ್ಲಿ ಆಗದೆ ಹೋಯಿತು ಎಂದು ಬರೆದಿಡಲಿ. ಸಿನಿಮಾ ಶಾಲೆಗೆ ಸೇರುವ ಅರ್ಜಿಯ ಜೊತೆ ಆ ಮೂರು ಹಾಳೆಗಳನ್ನೂ ಒಯ್ಯಲಿ.